ತ್ರಿಫೇಸ್ ವಿದ್ಯುತ್ತಿನಿಂದ ಸಿಂಗಲ್ ಫೇಸ್ ಪೂರೈಕೆ

ತ್ರಿಫೇಸ್ ವಿದ್ಯುತ್ತಿನಿಂದ ಸಿಂಗಲ್ ಫೇಸ್ ಪೂರೈಕೆ ಎಂಬುದು ಮೂರು ಫೇಸ್ ತಂತಿಗಳಲ್ಲಿ ಬರುವ ಪರ್ಯಾಯ ವಿದ್ಯುತ್ತಿನಿಂದ, ಒಂದೇ ಫೇಸ್ ಬೇಡುವ ಉಪಕರಣಗಳಿಗೆ ತಕ್ಕ ವಿದ್ಯುತ್ತನ್ನು ಪಡೆಯುವ ವಿಧಾನಗಳ ಒಟ್ಟು ಹೆಸರು. ದೀಪ, ಫ್ಯಾನು, ಮಿಕ್ಸಿ, ಫ್ರಿಜ್, ಟಿ.ವಿ., ಯು.ಪಿ.ಎಸ್. ಮೊದಲಾದ ಮನೆಬಳಕೆಯ ಉಪಕರಣಗಳು ಸಿಂಗಲ್ ಫೇಸ್‌ನಲ್ಲಿಯೂ, ದೊಡ್ಡ ಪಂಪ್‌ಸೆಟ್, ಅಕ್ಕಿ ಗಿರಣಿ, ಕಾಫಿ ಪಲ್ಪರ್ ಮುಂತಾದವುಗಳ ಮೋಟರುಗಳು ಸಾಮಾನ್ಯವಾಗಿ ತ್ರಿಫೇಸ್‌ನಲ್ಲಿಯೂ ನಡೆಯುತ್ತವೆ. ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದಂತಹ ಕಾಫಿ ಬೆಳೆಯುವ ಗುಡ್ಡಗಾಡು ಪ್ರದೇಶದಲ್ಲಿ ತೋಟದ ಯಂತ್ರಗಳೂ ಮನೆಯ ಉಪಕರಣಗಳೂ ಒಂದೇ ಸಂಪರ್ಕದಿಂದ ನಡೆಯುವುದುಂಟಾದ್ದರಿಂದ ಈ ವಿಷಯಕ್ಕೆ ನಿತ್ಯದ ಮಹತ್ವವಿದೆ.

ಭಾರತದ ನಾಲ್ಕು ತಂತಿಗಳ ವಿತರಣಾ ವ್ಯವಸ್ಥೆಯಲ್ಲಿ ಸಿಂಗಲ್ ಫೇಸ್ ಪಡೆಯಲು ಬಹುತೇಕ ಸಂದರ್ಭಗಳಲ್ಲಿ ಯಾವ ಪರಿವರ್ತಕವೂ ಬೇಕಾಗುವುದಿಲ್ಲ. ಮೂರು ಫೇಸ್‌ಗಳಲ್ಲಿ ಯಾವುದಾದರೊಂದು ಫೇಸ್ ಮತ್ತು ನ್ಯೂಟ್ರಲ್ ತಂತಿಗಳ ನಡುವೆ 230 ವೋಲ್ಟ್ ಸಿದ್ಧವಾಗಿಯೇ ಇರುತ್ತದೆ. ಹೊರೆಯನ್ನು ಮೂರು ಫೇಸ್‌ಗಳಿಗೆ ಸಮನಾಗಿ ಹಂಚುವುದು, ನ್ಯೂಟ್ರಲ್ ತಂತಿಯನ್ನು ಕಾಪಾಡುವುದು ಮತ್ತು ಫೇಸ್ ಕೈಕೊಟ್ಟಾಗ ಉಪಕರಣಗಳು ಸುಡದಂತೆ ನೋಡಿಕೊಳ್ಳುವುದು ಇಲ್ಲಿನ ಮುಖ್ಯ ಸಮಸ್ಯೆಗಳಾಗಿವೆ.

ಹಿನ್ನೆಲೆ

ತ್ರಿಫೇಸ್ ವಿದ್ಯುತ್ತನ್ನು ಬಹುದೂರ ಸಾಗಿಸಬಹುದೆಂಬುದು 1891ರಲ್ಲಿ ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ವರೆಗಿನ ಸುಮಾರು 175 ಕಿ.ಮೀ. ಮಾರ್ಗದಲ್ಲಿ ಪ್ರದರ್ಶಿತವಾಯಿತು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ದೀಪಗಳು ಬೆಳಗಿದವು. ಗಣಿಯ ಭಾರೀ ಯಂತ್ರಗಳಿಗೂ ಬೀದಿಯ ದೀಪಕ್ಕೂ ಒಂದೇ ಮೂಲದಿಂದ ವಿದ್ಯುತ್ ಒದಗಿಸುವ ಕ್ರಮ ಹೀಗೆ ನಾಡಿನಲ್ಲಿ ನೆಲೆಗೊಂಡಿತು.

ಹಾಸನ ಜಿಲ್ಲೆಯ ವಿದ್ಯುತ್ ವಿತರಣೆಯನ್ನು ಮೈಸೂರು ಕೇಂದ್ರಿತವಾದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು 2005ರಿಂದ ನಿರ್ವಹಿಸುತ್ತಿದೆ. ಗ್ರಾಮೀಣ ಭಾಗದಲ್ಲಿ 11 ಕಿಲೋವೋಲ್ಟ್ ಮಾರ್ಗವು ಮೂರು ತಂತಿಗಳಲ್ಲಿ ಬರುತ್ತದೆ. ರೈತರು ಸಾಮಾನ್ಯವಾಗಿ ಟಿ.ಸಿ. ಎಂದು ಕರೆಯುವ ವಿತರಣಾ ಟ್ರಾನ್ಸ್‌ಫಾರ್ಮರ್ ಅದನ್ನು 400 ವೋಲ್ಟಿಗೆ ಇಳಿಸಿ, ಮೂರು ಫೇಸ್ ಮತ್ತು ಒಂದು ನ್ಯೂಟ್ರಲ್ ಸೇರಿ ನಾಲ್ಕು ತಂತಿಗಳಲ್ಲಿ ಹೊರಕ್ಕೆ ಕೊಡುತ್ತದೆ.

ಮೂಲತತ್ತ್ವ

ತ್ರಿಫೇಸ್ ವ್ಯವಸ್ಥೆಯಲ್ಲಿ ಮೂರು ವೋಲ್ಟೇಜ್ ಅಲೆಗಳು ಪರಸ್ಪರ 120 ಡಿಗ್ರಿ ಅಂತರದಲ್ಲಿ ಏರಿಳಿಯುತ್ತವೆ. ಭಾರತದಲ್ಲಿ ಆವರ್ತನ 50 ಹರ್ಟ್ಸ್. ಫೇಸ್‌ಗಳನ್ನು ಆರ್, ವೈ, ಬಿ ಎಂದು ಹೆಸರಿಸಿ ಕೆಂಪು, ಹಳದಿ, ನೀಲಿ ಬಣ್ಣಗಳಿಂದ ಗುರುತಿಸುವುದು ರೂಢಿ. ನ್ಯೂಟ್ರಲ್‌ಗೆ ಕಪ್ಪು, ಅರ್ಥಿಂಗ್‌ಗೆ ಹಸಿರು ಬಣ್ಣವಿದೆ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜ್ 230 ಇದ್ದರೆ, ಎರಡು ಫೇಸ್‌ಗಳ ನಡುವಿನ ವೋಲ್ಟೇಜ್ ಅದರ √3 ಪಟ್ಟು, ಅಂದರೆ ಸುಮಾರು 400 ಆಗಿರುತ್ತದೆ. ಅಲೆಗಳ ನಡುವೆ ಅಂತರವಿರುವುದರಿಂದ ಎರಡು 230ಗಳು ಸೇರಿ 460 ಆಗುವುದಿಲ್ಲ.

ಸಿಂಗಲ್ ಫೇಸ್ ಹೊರೆಗೆ ಹರಿಯುವ ಶಕ್ತಿ ಸ್ಥಿರವಾಗಿರುವುದಿಲ್ಲ. ಅದು ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತದೆ. ಸಮತೋಲಿತ ತ್ರಿಫೇಸ್ ಹೊರೆಯಲ್ಲಿ ಒಂದು ಫೇಸ್ ಇಳಿಯುವಾಗ ಉಳಿದವು ಏರುವುದರಿಂದ ಒಟ್ಟು ಶಕ್ತಿ ಸದಾ ಒಂದೇ ಮಟ್ಟದಲ್ಲಿರುತ್ತದೆ. ಟ್ರಾನ್ಸ್‌ಫಾರ್ಮರ್ ಶಕ್ತಿಯನ್ನು ದಾಟಿಸುತ್ತದೆಯೇ ಹೊರತು ಕೂಡಿಡುವುದಿಲ್ಲ. ಆದ್ದರಿಂದ ಕೇವಲ ಟ್ರಾನ್ಸ್‌ಫಾರ್ಮರುಗಳನ್ನು ಬಳಸಿ, ಒಂದೇ ಸಿಂಗಲ್ ಫೇಸ್ ಹೊರೆಯನ್ನು ಮೂರು ಫೇಸ್‌ಗಳ ಮೇಲೂ ಸಮನಾಗಿ ಹೊರಿಸುವುದು ಸಾಧ್ಯವಿಲ್ಲ. ಹಾಗೆ ಹೊರಿಸಬೇಕಾದರೆ ಏರಿಳಿತವನ್ನು ತುಂಬಿಕೊಡುವ ಶಕ್ತಿಸಂಗ್ರಹ ಬೇಕು. ಕೆಪಾಸಿಟರ್, ಇಂಡಕ್ಟರ್, ಬ್ಯಾಟರಿ ಅಥವಾ ತಿರುಗುವ ಯಂತ್ರದ ಭಾರವಾದ ರೋಟರ್ ಈ ಕೆಲಸವನ್ನು ಮಾಡಬಲ್ಲವು.

ವಿಧಾನಗಳು

ಫೇಸ್ ಮತ್ತು ನ್ಯೂಟ್ರಲ್: ಇದು ಅತ್ಯಂತ ಸರಳವೂ ಅಗ್ಗವೂ ಆದ ವಿಧಾನ. ಮೀಟರಿನಿಂದ ಬರುವ ನಾಲ್ಕು ತಂತಿಗಳು ವಿತರಣಾ ಪೆಟ್ಟಿಗೆಗೆ ಸೇರಿ, ಅಲ್ಲಿ ಪ್ರತಿ ಸಿಂಗಲ್ ಫೇಸ್ ಸರ್ಕ್ಯೂಟು ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ಜೋಡಣೆಯಾಗುತ್ತದೆ.

ಎರಡು ಫೇಸ್‌ಗಳ ನಡುವೆ: 400 ವೋಲ್ಟಿಗೆಂದೇ ತಯಾರಾದ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್‌ನಂತಹ ಉಪಕರಣಗಳು ನ್ಯೂಟ್ರಲ್ ಇಲ್ಲದೆ ಎರಡು ಫೇಸ್‌ಗಳ ನಡುವೆ ನಡೆಯುತ್ತವೆ. ಎರಡು ತಂತಿಗಳನ್ನು ಬಳಸಿದರೂ ಇದು ಸಿಂಗಲ್ ಫೇಸ್ ಹೊರೆಯೇ. 230 ವೋಲ್ಟಿನ ಉಪಕರಣವನ್ನು ಈ ರೀತಿ ಜೋಡಿಸಿದರೆ ಅದು ತಕ್ಷಣ ಸುಟ್ಟುಹೋಗುತ್ತದೆ.

ಟ್ರಾನ್ಸ್‌ಫಾರ್ಮರ್: ನ್ಯೂಟ್ರಲ್ ಲಭ್ಯವಿಲ್ಲದ ಕಡೆ, ಎರಡು ಫೇಸ್‌ಗಳ ನಡುವೆ 400/230 ವೋಲ್ಟಿನ ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರನ್ನು ಜೋಡಿಸಿ 230 ವೋಲ್ಟ್ ಪಡೆಯಬಹುದು. ಯಂತ್ರದ ನಿಯಂತ್ರಣ ಫಲಕಗಳಲ್ಲಿ ಈ ಕ್ರಮ ಸಾಮಾನ್ಯ. ಸ್ಕಾಟ್ ಜೋಡಣೆಯು ಎರಡು ಟ್ರಾನ್ಸ್‌ಫಾರ್ಮರುಗಳ ಮೂಲಕ 90 ಡಿಗ್ರಿ ಅಂತರದ ಎರಡು ಸಿಂಗಲ್ ಫೇಸ್ ಪೂರೈಕೆಗಳನ್ನು ನೀಡುತ್ತದೆ. ಆ ಎರಡರ ಮೇಲೂ ಸಮಾನ ಹೊರೆಯಿದ್ದಾಗ ಮಾತ್ರ ಮೂರು ಫೇಸ್‌ಗಳೂ ಸಮತೋಲನದಲ್ಲಿರುತ್ತವೆ.

ಸ್ಟೈನ್‌ಮೆಟ್ಸ್ ಜೋಡಣೆ: ಎರಡು ಫೇಸ್‌ಗಳ ನಡುವಿನ ರೋಧಕ ಹೊರೆಗೆ, ಉಳಿದ ಎರಡು ಜೋಡಿಗಳಲ್ಲಿ ಒಂದಕ್ಕೆ ಕೆಪಾಸಿಟರನ್ನೂ ಮತ್ತೊಂದಕ್ಕೆ ಇಂಡಕ್ಟರನ್ನೂ ಸೇರಿಸಿ ಮೂರು ಫೇಸ್‌ಗಳಿಂದಲೂ ಸಮಾನ ವಿದ್ಯುತ್ ಸೆಳೆಯುವಂತೆ ಮಾಡಬಹುದು. ಇವೆರಡರ ಪ್ರತಿಘಾತವೂ ಹೊರೆಯ ರೋಧದ √3 ಪಟ್ಟು ಇರಬೇಕು. ಹೊರೆ ಬದಲಾದರೆ ಈ ಬೆಲೆಗಳೂ ಬದಲಾಗಬೇಕಾದ್ದರಿಂದ ಸ್ಥಿರ ಹೊರೆಯ ಕುಲುಮೆಗಳಿಗೆ ಇದು ಹೊಂದುತ್ತದೆ; ಮನೆಬಳಕೆಗೆ ಹೊಂದುವುದಿಲ್ಲ.

ಎಲೆಕ್ಟ್ರಾನಿಕ್ ಪರಿವರ್ತಕ: ಮೂರು ಫೇಸ್‌ಗಳನ್ನೂ ರೆಕ್ಟಿಫೈಯರ್ ಮೂಲಕ ಸುಮಾರು 540 ವೋಲ್ಟಿನ ನೇರ ವಿದ್ಯುತ್ತಾಗಿಸಿ, ಇನ್ವರ್ಟರ್ ಮೂಲಕ ಮತ್ತೆ 230 ವೋಲ್ಟಿನ ಸಿಂಗಲ್ ಫೇಸ್ ಆಗಿಸಲಾಗುತ್ತದೆ. ನಡುವಿನ ಕೆಪಾಸಿಟರುಗಳು 100 ಹರ್ಟ್ಸ್ ಏರಿಳಿತವನ್ನು ಹೊರುತ್ತವೆ. ತ್ರಿಫೇಸ್ ಪಡೆದು ಸಿಂಗಲ್ ಫೇಸ್ ಕೊಡುವ ಯು.ಪಿ.ಎಸ್.ಗಳು ಈ ಬಗೆಯವು.

ಮೋಟರ್–ಜನರೇಟರ್ ಜೋಡಿ: ತ್ರಿಫೇಸ್ ಮೋಟರು ಸಿಂಗಲ್ ಫೇಸ್ ಜನರೇಟರನ್ನು ತಿರುಗಿಸುತ್ತದೆ. ನಷ್ಟ ಮತ್ತು ವೆಚ್ಚ ಹೆಚ್ಚಾದ್ದರಿಂದ ಇದರ ಬಳಕೆ ಈಗ ವಿರಳ.

ಡೀಸೆಲ್ ಜನರೇಟರ್

ಕಾಫಿ ತೋಟಗಳಲ್ಲಿ ಹಣ್ಣು ಕುಯ್ಲಿನ ಕಾಲಕ್ಕೆ ಪಲ್ಪರ್ ನಡೆಸಲು ತ್ರಿಫೇಸ್ ಡೀಸೆಲ್ ಜನರೇಟರನ್ನು ಇರಿಸಿಕೊಳ್ಳುವುದುಂಟು. ಕುಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ಗುಣಮಟ್ಟ ಕೆಡುವುದರಿಂದ ವಿದ್ಯುತ್ ಬರುವವರೆಗೆ ಕಾಯುವಂತಿಲ್ಲ. ಅದೇ ಜನರೇಟರಿನಿಂದ ಮನೆಗೂ ಕೂಲಿ ಲೈನಿಗೂ ದೀಪ ಕೊಡುವಾಗ ಒಂದು ಮಿತಿಯನ್ನು ಗಮನಿಸಬೇಕು. 15 ಕೆ.ವಿ.ಎ. ತ್ರಿಫೇಸ್ ಜನರೇಟರು ಒಂದು ಫೇಸ್‌ನಲ್ಲಿ 5 ಕೆ.ವಿ.ಎ., ಅಂದರೆ 230 ವೋಲ್ಟಿನಲ್ಲಿ ಸುಮಾರು 22 ಆಂಪಿಯರ್ ಮಾತ್ರ ಕೊಡಬಲ್ಲದು. ಒಟ್ಟು ಸಾಮರ್ಥ್ಯದ ಅರ್ಧದಷ್ಟೂ ಹೊರೆಯಿಲ್ಲದಿದ್ದರೂ ಎಲ್ಲವೂ ಒಂದೇ ಫೇಸ್ ಮೇಲಿದ್ದರೆ ಅದರ ಸುರುಳಿ ಕಾಯುತ್ತದೆ ಮತ್ತು ಇತರ ಫೇಸ್‌ಗಳ ವೋಲ್ಟೇಜ್ ವ್ಯತ್ಯಾಸಗೊಳ್ಳುತ್ತದೆ. ಹನ್ನೆರಡು ತುದಿಗಳನ್ನು ಹೊರತಂದಿರುವ ಆಲ್ಟರ್ನೇಟರುಗಳಲ್ಲಿ ಸುರುಳಿಗಳನ್ನು ಮರುಜೋಡಿಸಿ ಸಿಂಗಲ್ ಫೇಸ್ ಯಂತ್ರವಾಗಿಸಬಹುದು. ಆಗ ಮೂಲ ಸಾಮರ್ಥ್ಯದ ಸುಮಾರು ಮೂರನೇ ಎರಡು ಭಾಗ ದೊರೆಯುತ್ತದೆ.

ಹಳ್ಳದ ನೀರಿನಿಂದ ಸಿಂಗಲ್ ಫೇಸ್

ಮಲೆನಾಡಿನ ಕಡಿದಾದ ಹಳ್ಳಗಳು ಮನೆಮಟ್ಟದ ಪಿಕೊ ಜಲವಿದ್ಯುತ್ತಿಗೆ ಅನುಕೂಲವಾಗಿವೆ. ಹೊಂಗಡಹಳ್ಳದ ಹೊಳೆಯ ಹೆಸರು ಗುಂಡ್ಯ ಜಲವಿದ್ಯುತ್ ಯೋಜನೆಯ ಪ್ರಸ್ತಾವದಲ್ಲಿಯೂ ಎತ್ತಿನಹೊಳೆ ಯೋಜನೆಯಲ್ಲಿಯೂ ಕಾಣಿಸಿಕೊಂಡಿದೆ. ಗುಂಡ್ಯ ಯೋಜನೆಗೆ ಅನುಮತಿ ನೀಡಬಾರದೆಂದು ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯು 2011ರ ವರದಿಯಲ್ಲಿ ಶಿಫಾರಸು ಮಾಡಿತ್ತು. ಪಿಕೊ ಘಟಕಗಳು ಇಂತಹ ಯೋಜನೆಗಳಿಗಿಂತ ತೀರ ಭಿನ್ನವಾದವು. ಅವುಗಳಿಗೆ ಅಣೆಕಟ್ಟೆ ಬೇಡ, ಕೆಲವು ಕಿಲೋವ್ಯಾಟಿನೊಳಗೆ ಅವುಗಳ ಉತ್ಪಾದನೆ ಮುಗಿಯುತ್ತದೆ.

ಇಂತಹ ಘಟಕಗಳಲ್ಲಿ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ತ್ರಿಫೇಸ್ ಇಂಡಕ್ಷನ್ ಮೋಟರನ್ನೇ ಜನರೇಟರಾಗಿ ಬಳಸಿ ಸಿಂಗಲ್ ಫೇಸ್ ಪಡೆಯುವ 'ಸಿ–2ಸಿ' ಜೋಡಣೆ ಪ್ರಸಿದ್ಧವಾಗಿದೆ. ಡೆಲ್ಟಾ ಜೋಡಣೆಯ ಮೂರು ಸುರುಳಿಗಳಲ್ಲಿ ಒಂದಕ್ಕೆ ನಿರ್ದಿಷ್ಟ ಬೆಲೆಯ ಕೆಪಾಸಿಟರನ್ನೂ, ಎರಡನೆಯದಕ್ಕೆ ಅದರ ಇಮ್ಮಡಿ ಬೆಲೆಯದನ್ನೂ ಸೇರಿಸಿ, ಮೂರನೆಯದನ್ನು ಹಾಗೆಯೇ ಬಿಡಲಾಗುತ್ತದೆ. ಹೊರೆಯನ್ನು ಮೊದಲ ಕೆಪಾಸಿಟರಿನ ತುದಿಗಳಿಗೆ ಜೋಡಿಸಲಾಗುತ್ತದೆ. ಇದು ಸ್ಟೈನ್‌ಮೆಟ್ಸ್ ತತ್ತ್ವದ ಅನ್ವಯವೇ ಆಗಿದ್ದು, ಒಂದು ನಿರ್ದಿಷ್ಟ ಹೊರೆಯಲ್ಲಿ ಯಂತ್ರದ ಮೂರು ಸುರುಳಿಗಳೂ ಸಮತೋಲನಕ್ಕೆ ಬರುತ್ತವೆ. ಯಂತ್ರ ತಿರುಗುವ ದಿಕ್ಕಿಗೆ ತಕ್ಕಂತೆ ಕೆಪಾಸಿಟರುಗಳ ಸ್ಥಾನವಿರಬೇಕು. ತಪ್ಪಿದರೆ ಸಮತೋಲನ ಕೆಟ್ಟು ಸುರುಳಿ ಬಿಸಿಯಾಗುತ್ತದೆ. ಸಮತೋಲನವು ಒಂದೇ ಹೊರೆಗೆ ಸಂಬಂಧಿಸಿದ್ದರಿಂದ, ಬಳಕೆಯಾಗದ ಶಕ್ತಿಯನ್ನು ನೀರು ಕಾಯಿಸುವ ಸುರುಳಿಗೆ ತಿರುಗಿಸಿ ಹೊರೆಯನ್ನು ಸ್ಥಿರವಾಗಿಡುವ ನಿಯಂತ್ರಕವನ್ನು ಅಳವಡಿಸುತ್ತಾರೆ.

ಹೊರೆಯ ಸಮತೋಲನ

ಮೂರು ಫೇಸ್‌ಗಳಲ್ಲಿಯೂ ತಲಾ 10 ಆಂಪಿಯರಿನ ಒಂದೇ ಬಗೆಯ ಹೊರೆಯಿದ್ದರೆ ನ್ಯೂಟ್ರಲ್ ತಂತಿಯಲ್ಲಿ ಪ್ರವಾಹವಿರುವುದಿಲ್ಲ. ಹೊರೆ 20, 10, 5 ಆಂಪಿಯರ್ ಆಗಿದ್ದರೆ ನ್ಯೂಟ್ರಲ್‌ನಲ್ಲಿ ಸುಮಾರು 13 ಆಂಪಿಯರ್ ಹರಿಯುತ್ತದೆ. 30 ಆಂಪಿಯರನ್ನೂ ಒಂದೇ ಫೇಸ್‌ನಿಂದ ಸೆಳೆದರೆ ನ್ಯೂಟ್ರಲ್‌ನಲ್ಲಿಯೂ 30 ಆಂಪಿಯರ್ ಇರುತ್ತದೆ.

ಉದ್ದದ ತಂತಿಯಲ್ಲಿ ಇದರ ಪರಿಣಾಮ ದೊಡ್ಡದು. ನಾಲ್ಕೂ ತಂತಿಗಳ ರೋಧ ಒಂದೇ ಎಂದು ಭಾವಿಸಿದರೆ, ತಲಾ 10 ಆಂಪಿಯರ್ ಹಂಚಿದಾಗ ಆಗುವ ನಷ್ಟಕ್ಕೆ ಹೋಲಿಸಿ, ಅದೇ 30 ಆಂಪಿಯರನ್ನು ಒಂದು ಫೇಸ್‌ನಿಂದ ಸೆಳೆದಾಗ ನಷ್ಟವು ಆರು ಪಟ್ಟಾಗುತ್ತದೆ. ಆ ಫೇಸ್‌ನ ವೋಲ್ಟೇಜ್ ಕುಸಿತವೂ ಆರು ಪಟ್ಟಾಗುತ್ತದೆ. ಒಂದು ಮನೆ ಒಂದು ಗುಡ್ಡದಲ್ಲಿ, ಇನ್ನೊಂದು ಮನೆ ಮತ್ತೊಂದು ಗುಡ್ಡದಲ್ಲಿ ಇರುವ ಸಕಲೇಶಪುರ–ಆಲೂರು ಭಾಗದಲ್ಲಿ ಟಿ.ಸಿ.ಯಿಂದ ದೂರದ ಮನೆಗಳ ದೀಪ ಸಂಜೆ ಮಂಕಾಗುವುದಕ್ಕೆ ಅಸಮ ಹೊರೆಯೂ ಒಂದು ಕಾರಣವಾಗಬಹುದು. ನೀರು ಕಾಯಿಸುವ ಗೀಸರ್, ಕುಡಿಯುವ ನೀರಿನ ಪಂಪು ಮತ್ತು ಅಡುಗೆಮನೆಯ ಸರ್ಕ್ಯೂಟುಗಳನ್ನು ಬೇರೆ ಬೇರೆ ಫೇಸ್‌ಗಳಿಗೆ ಹಂಚುವುದು ಇದಕ್ಕೆ ಮೊದಲ ಪರಿಹಾರ.

ಒಂದು ಫೇಸ್ ಹೋದಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಮರ ಬಿದ್ದು ತಂತಿ ತುಂಡಾಗುವುದು, ಟಿ.ಸಿ.ಯ ಫ್ಯೂಸ್ ಹೋಗುವುದು ಮಲೆನಾಡಿನಲ್ಲಿ ಸಾಮಾನ್ಯ. ದೋಷ ಎಲ್ಲಿದೆ ಎಂಬುದರ ಮೇಲೆ ಅದರ ಲಕ್ಷಣ ಬದಲಾಗುತ್ತದೆ.

400 ವೋಲ್ಟಿನ ಬದಿಯಲ್ಲಿ ಒಂದು ಫ್ಯೂಸ್ ಹೋದರೆ ಆ ಫೇಸ್‌ನ ಮನೆಗಳು ಮಾತ್ರ ಕತ್ತಲಾಗುತ್ತವೆ; ಉಳಿದ ಎರಡು ಫೇಸ್‌ಗಳಲ್ಲಿ 230 ವೋಲ್ಟ್ ಮುಂದುವರಿಯುತ್ತದೆ. ಆದರೆ 11 ಕಿಲೋವೋಲ್ಟಿನ ಬದಿಯಲ್ಲಿ ಒಂದು ತಂತಿ ಹೋದರೆ ಪರಿಸ್ಥಿತಿ ಬೇರೆ. ವಿತರಣಾ ಟ್ರಾನ್ಸ್‌ಫಾರ್ಮರಿನ ಮೇಲ್ವೋಲ್ಟೇಜ್ ಬದಿ ಡೆಲ್ಟಾ, ಕೆಳವೋಲ್ಟೇಜ್ ಬದಿ ಸ್ಟಾರ್ ಜೋಡಣೆಯಾಗಿರುತ್ತದೆ. ಮೇಲಿನ ಒಂದು ತಂತಿ ತಪ್ಪಿದಾಗ ಒಂದು ಸುರುಳಿಗೆ ಪೂರ್ಣ ವೋಲ್ಟೇಜ್ ಸಿಗುತ್ತದೆ. ಉಳಿದೆರಡು ಸರಣಿಯಲ್ಲಿ ಸೇರಿ ಅರ್ಧರ್ಧ ಪಡೆಯುತ್ತವೆ. ಪರಿಣಾಮವಾಗಿ ಒಂದು ಫೇಸ್‌ನಲ್ಲಿ 230, ಉಳಿದೆರಡರಲ್ಲಿ ಸುಮಾರು 115 ವೋಲ್ಟ್ ಕಾಣಿಸುತ್ತದೆ. ಅರ್ಧ ವೋಲ್ಟೇಜಿನಲ್ಲಿ ತಂತಿ ಬಲ್ಬು ಕೆಂಪಗೆ ಉರಿದರೆ ಹಾನಿಯಿಲ್ಲ. ಆದರೆ ಫ್ರಿಜ್‌ನ ಕಂಪ್ರೆಸರ್ ಮತ್ತು ಪಂಪಿನ ಮೋಟರು ಚಾಲೂ ಆಗಲಾರದೆ ಗುಂಯ್‌ಗುಟ್ಟುತ್ತಾ ಹೆಚ್ಚಿನ ಪ್ರವಾಹ ಸೆಳೆದು ಸುಡುತ್ತವೆ. ದೀಪ ಮಂಕಾದ ಕೂಡಲೇ ಇವುಗಳ ಸ್ವಿಚ್ ಆರಿಸುವುದು ಅವಶ್ಯಕ.

ಫೇಸ್ ಆಯ್ಕೆಯ ಸ್ವಿಚ್

ತ್ರಿಫೇಸ್ ಸಂಪರ್ಕವಿರುವ ಮನೆಗಳಲ್ಲಿ ಒಂದು ಫೇಸ್ ಹೋದಾಗ ಆ ಹೊರೆಯನ್ನು ಜೀವಂತ ಫೇಸ್‌ಗೆ ಬದಲಿಸುವ ಚೇಂಜ್ ಓವರ್ ಸ್ವಿಚ್‌ಗಳು ಬಳಕೆಯಲ್ಲಿವೆ. ಇವುಗಳಲ್ಲಿ ಕೈಯಿಂದ ತಿರುಗಿಸುವವೂ, ಸರಿಯಾದ ವೋಲ್ಟೇಜ್ ಇರುವ ಫೇಸನ್ನು ತಾನಾಗಿ ಆರಿಸಿಕೊಳ್ಳುವವೂ ಇವೆ. ಒಂದು ಫೇಸನ್ನು ಬಿಟ್ಟ ನಂತರವೇ ಮತ್ತೊಂದಕ್ಕೆ ಸೇರುವಂತೆ ಸ್ವಿಚ್ ರಚಿತವಾಗಿರಬೇಕು. ಎರಡು ಫೇಸ್‌ಗಳು ಕ್ಷಣಮಾತ್ರ ಕೂಡಿದರೂ 400 ವೋಲ್ಟಿನ ಶಾರ್ಟ್ ಸರ್ಕ್ಯೂಟ್ ಉಂಟಾಗುತ್ತದೆ. ಇಡೀ ಮನೆಯ ಹೊರೆ ಒಂದೇ ಫೇಸ್ ಮೇಲೆ ಬೀಳುವುದರಿಂದ ತಂತಿಯ ದಪ್ಪ ಮತ್ತು ಎಂ.ಸಿ.ಬಿ.ಯ ಮಿತಿ ಅದಕ್ಕೆ ತಕ್ಕಂತಿರಬೇಕು. ಊರಿನ ಎಲ್ಲರೂ ಉಳಿದ ಒಂದೇ ಫೇಸ್‌ಗೆ ಬದಲಿಸಿಕೊಂಡರೆ ಟಿ.ಸಿ.ಯಲ್ಲಿ ಅದರ ಫ್ಯೂಸೂ ಹೋಗುವ ಸಂಭವವಿದೆ.

ನ್ಯೂಟ್ರಲ್ ಕಡಿತ

ಫೇಸ್ ಹೋಗುವುದಕ್ಕಿಂತ ನ್ಯೂಟ್ರಲ್ ಕಡಿತವು ಹೆಚ್ಚು ಹಾನಿಕರ. ನ್ಯೂಟ್ರಲ್ ಇಲ್ಲವಾದಾಗ ಬೇರೆ ಬೇರೆ ಫೇಸ್‌ಗಳ ಹೊರೆಗಳು ಸರಣಿಯಲ್ಲಿ ಸೇರಿ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಉದಾಹರಣೆಗೆ, ಆರ್ ಫೇಸ್‌ನಲ್ಲಿ 1000 ವ್ಯಾಟಿನ ಹೀಟರ್, ವೈ ಫೇಸ್‌ನಲ್ಲಿ 100 ವ್ಯಾಟಿನ ಬಲ್ಬು ಮಾತ್ರ ಇದ್ದರೆ, ಹೀಟರಿನ ರೋಧ ಸುಮಾರು 53 ಓಮ್, ಬಲ್ಬಿನದು ಸುಮಾರು 529 ಓಮ್. ನ್ಯೂಟ್ರಲ್ ತುಂಡಾದ ಕ್ಷಣ ಬಲ್ಬಿನ ಮೇಲೆ ಸುಮಾರು 364 ವೋಲ್ಟ್, ಹೀಟರಿನ ಮೇಲೆ ಕೇವಲ 36 ವೋಲ್ಟ್ ಬೀಳುತ್ತದೆ. ಕಡಿಮೆ ವ್ಯಾಟಿನ ಉಪಕರಣಕ್ಕೇ ಹೆಚ್ಚು ವೋಲ್ಟೇಜ್ ತಗಲುವುದರಿಂದ ಟಿ.ವಿ., ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರುಗಳು ಮೊದಲು ಸುಡುತ್ತವೆ. ಕೆಲವು ದೀಪಗಳು ಅತಿಯಾಗಿ ಪ್ರಕಾಶಿಸಿ ಉಳಿದವು ಮಂಕಾಗುವುದು ನ್ಯೂಟ್ರಲ್ ಕಡಿತದ ಸ್ಪಷ್ಟ ಲಕ್ಷಣ. ಆಗ ಮುಖ್ಯ ಸ್ವಿಚ್ಚನ್ನು ಆರಿಸಬೇಕು.

ಈ ಕಾರಣದಿಂದ ನ್ಯೂಟ್ರಲ್ ತಂತಿಗೆ ಪ್ರತ್ಯೇಕ ಫ್ಯೂಸ್ ಅಥವಾ ಒಂಟಿ ಸ್ವಿಚ್ ಅಳವಡಿಸುವುದಿಲ್ಲ. ಫೇಸ್‌ಗಳೊಂದಿಗೆ ನ್ಯೂಟ್ರಲನ್ನೂ ಒಟ್ಟಿಗೆ ಕಡಿಯುವ ಜೋಡಿತ ಸ್ವಿಚ್‌ಗಳಿಗೆ ಮಾತ್ರ ಅವಕಾಶವಿದೆ. ಹೆಚ್ಚು ಅಥವಾ ಕಡಿಮೆ ವೋಲ್ಟೇಜ್ ಬಂದಾಗ ಸಂಪರ್ಕ ಕಡಿಯುವ ರಿಲೇಗಳು ಇಂತಹ ಹಾನಿಯನ್ನು ತಡೆಯುತ್ತವೆ.

ಅರ್ಥಿಂಗನ್ನು ನ್ಯೂಟ್ರಲ್ ಆಗಿ ಬಳಸುವ ಅಪಾಯ

ನ್ಯೂಟ್ರಲ್ ಹೋದಾಗ ಅರ್ಥಿಂಗ್ ತಂತಿಯನ್ನೇ ನ್ಯೂಟ್ರಲಾಗಿ ಬಳಸಿ ದೀಪ ಉರಿಸುವ ರೂಢಿ ಹಳ್ಳಿಗಳಲ್ಲಿ ಕಂಡುಬರುತ್ತದೆ. ದೀಪ ಉರಿಯುವುದರಿಂದ ಇದು ಸರಿಯೆಂಬ ಭ್ರಮೆ ಹುಟ್ಟುತ್ತದೆ. ಅರ್ಥಿಂಗ್ ಗುಂಡಿಯ ರೋಧ 20 ಓಮ್ ಇದ್ದು 1000 ವ್ಯಾಟಿನ ಹೀಟರನ್ನು ಹೀಗೆ ಜೋಡಿಸಿದರೆ, ಅರ್ಥಿಂಗ್ ತಂತಿಯೇ ನೆಲಕ್ಕಿಂತ ಸುಮಾರು 63 ವೋಲ್ಟ್ ಮೇಲಕ್ಕೇರುತ್ತದೆ. ಅದೇ ಅರ್ಥಿಂಗಿಗೆ ಸೇರಿದ ಫ್ರಿಜ್, ಮೋಟರು, ಗೀಸರುಗಳ ಲೋಹದ ಮೈಯೂ ಅಷ್ಟೇ ವೋಲ್ಟೇಜಿಗೆ ಏರುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಗುಂಡಿಯ ರೋಧ ಹೆಚ್ಚಿ ಅಪಾಯ ಬೆಳೆಯುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ಈ ವೋಲ್ಟೇಜೇ ಪ್ರಾಣಾಂತಿಕವಾಗಬಹುದು. ಸೋರಿಕೆ ಪ್ರವಾಹವನ್ನು ಗುರುತಿಸುವ ಆರ್.ಸಿ.ಸಿ.ಬಿ. ಇರುವ ಮನೆಗಳಲ್ಲಿ ಅದು ಈ ಜೋಡಣೆಯನ್ನು ಕೂಡಲೇ ಕಡಿಯುತ್ತದೆ. ಅದು ಪದೇ ಪದೇ ಬೀಳುತ್ತದೆಂದು ಅದನ್ನು ತೆಗೆದುಹಾಕುವುದು ರಕ್ಷಣೆಯನ್ನೇ ತೆಗೆದಂತೆ.

ವಿರುದ್ಧ ದಿಕ್ಕಿನ ಪರಿವರ್ತನೆ

ಸಿಂಗಲ್ ಫೇಸ್‌ನಿಂದ ತ್ರಿಫೇಸ್ ಪಡೆಯುವುದು ಬೇರೆಯೇ ವಿಷಯ. ಹೆಸರಿನ ಹೋಲಿಕೆಯಿಂದ ಇವೆರಡನ್ನೂ ಬೆರೆಸುವುದುಂಟು. ಕರ್ನಾಟಕದಲ್ಲಿ ಕೃಷಿ ಪಂಪ್‌ಸೆಟ್‌ಗಳಿಗೆ ದಿನದ ನಿಗದಿತ ಗಂಟೆಗಳಲ್ಲಿ ಮಾತ್ರ ತ್ರಿಫೇಸ್ ವಿದ್ಯುತ್ ಕೊಟ್ಟು, ಉಳಿದ ವೇಳೆಯಲ್ಲಿ ದೀಪಕ್ಕಾಗಿ ಸಿಂಗಲ್ ಫೇಸ್ ಕೊಡುವ ಪದ್ಧತಿ ಬಹುಕಾಲ ನಡೆಯಿತು. ಆ ವೇಳೆಯಲ್ಲಿಯೂ ಪಂಪು ನಡೆಸಲು ಕೆಪಾಸಿಟರ್ ಬಳಸುವ ಫೇಸ್ ಕನ್ವರ್ಟರುಗಳು ಹಳ್ಳಿಗಳಲ್ಲಿ ಹರಡಿದವು. ಇವುಗಳಿಂದ ಮೋಟರಿಗೆ ಅಸಮ ಪ್ರವಾಹ ಹೋಗುವುದಲ್ಲದೆ, ದೀಪದ ಹೊರೆಗೆಂದು ಬಿಟ್ಟ ಮಾರ್ಗದ ಮೇಲೆ ಪಂಪುಗಳ ಹೊರೆ ಬಿದ್ದು ಟಿ.ಸಿ.ಗಳು ಸುಡುತ್ತವೆ, ಹೀಗಾಗಿ ವಿದ್ಯುತ್ ನಿಗಮಗಳು ಇವುಗಳ ಬಳಕೆಯನ್ನು ವಿರೋಧಿಸುತ್ತವೆ. ಕೃಷಿ ಮತ್ತು ಕೃಷಿಯೇತರ ಮಾರ್ಗಗಳನ್ನು ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆಯು ಈ ಸಮಸ್ಯೆಗೆ ಪರಿಹಾರವಾಗಿ ಜಾರಿಗೆ ಬಂದಿತು.

ರೈಲು ಮಾರ್ಗದಲ್ಲಿ

ಭಾರತೀಯ ರೈಲ್ವೆಯ ವಿದ್ಯುತ್ ಮಾರ್ಗಗಳು ತ್ರಿಫೇಸ್ ಜಾಲದಿಂದ ಸಿಂಗಲ್ ಫೇಸ್ ಪಡೆಯುವ ದೊಡ್ಡ ಪ್ರಮಾಣದ ಉದಾಹರಣೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಟ್ಟ ಮಾರ್ಗದ ವಿದ್ಯುದೀಕರಣವನ್ನೂ ದೇಶದ ಇತರ ಮಾರ್ಗಗಳಂತೆ 25 ಕಿಲೋವೋಲ್ಟ್ ಸಿಂಗಲ್ ಫೇಸ್ ಪದ್ಧತಿಯಲ್ಲಿಯೇ ಕೈಗೊಳ್ಳಲಾಯಿತು. ರೈಲ್ವೆಯ ವಿದ್ಯುತ್ ಉಪಕೇಂದ್ರವು ಸಾಮಾನ್ಯವಾಗಿ ರಾಜ್ಯ ಜಾಲದ ಮೂರು ಫೇಸ್‌ಗಳಲ್ಲಿ ಎರಡನ್ನು ಮಾತ್ರ ಬಳಸುತ್ತದೆ. ಅಸಮತೋಲನ ಕಡಿಮೆಯಾಗಲೆಂದು ಮುಂದಿನ ಉಪಕೇಂದ್ರ ಬೇರೊಂದು ಜೋಡಿಯನ್ನು ಬಳಸುತ್ತದೆ. ಎರಡರ ನಡುವೆ ವಿದ್ಯುತ್ ಇಲ್ಲದ ಚಿಕ್ಕ ತುಂಡು ತಂತಿಯನ್ನು ಇರಿಸಲಾಗುತ್ತದೆ. ಡಬ್ಲ್ಯುಎಜಿ–9, ಡಬ್ಲ್ಯುಎಪಿ–7 ಮುಂತಾದ ಎಂಜಿನ್‌ಗಳು ತಂತಿಯಿಂದ ಪಡೆದ ಸಿಂಗಲ್ ಫೇಸ್ ವಿದ್ಯುತ್ತನ್ನು ತಮ್ಮೊಳಗಿನ ಇನ್ವರ್ಟರಿನಿಂದ ಮತ್ತೆ ತ್ರಿಫೇಸ್ ಮಾಡಿಕೊಂಡು ಚಕ್ರದ ಮೋಟರುಗಳನ್ನು ನಡೆಸುತ್ತವೆ.

ಸುರಕ್ಷತೆ

ತ್ರಿಫೇಸ್ ಪೆಟ್ಟಿಗೆಯಲ್ಲಿ ಒಂದು ಫೇಸ್ ಹೋಗಿದ್ದರೂ ಉಳಿದವು ಜೀವಂತವಾಗಿರುತ್ತವೆ. ದೀಪ ಆರಿದೆಯೆಂಬುದು ವಿದ್ಯುತ್ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಜೋಡಣೆಯ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಟಿ.ಸಿ.ಯ ಫ್ಯೂಸನ್ನು ನಿಗಮದ ಸಿಬ್ಬಂದಿಯಲ್ಲದೆ ಇತರರು ಮುಟ್ಟಬಾರದು. ಮನೆಯ ಜನರೇಟರನ್ನು ಜೋಡಿಸುವಾಗ ನಿಗಮದ ತಂತಿಗೆ ವಿದ್ಯುತ್ ಹಿಮ್ಮುಖವಾಗಿ ಹರಿಯದಂತೆ ಚೇಂಜ್ ಓವರ್ ಸ್ವಿಚ್ ಇರಲೇಬೇಕು. ಇಲ್ಲವಾದರೆ ಲೈನ್ ದುರಸ್ತಿಗೆ ಕಂಬ ಹತ್ತಿದವರ ಪ್ರಾಣಕ್ಕೆ ಅಪಾಯ. ಹರಿದುಬಿದ್ದ ತಂತಿಯನ್ನು ಕಂಡವರು ಅದರಿಂದ ದೂರವಿದ್ದು 1912 ಸಹಾಯವಾಣಿಗೆ ತಿಳಿಸಬೇಕು.

ಇವನ್ನೂ ನೋಡಿ

ಟ್ರಾನ್ಸ್‌ಫಾರ್ಮರ್
ಪರ್ಯಾಯ ವಿದ್ಯುತ್ ಪ್ರವಾಹ
ಇಂಡಕ್ಷನ್ ಮೋಟರ್
ಶಿವನಸಮುದ್ರ
ಸಕಲೇಶಪುರ